ಕೆಂಗೇರಿಯಾಚೆಯ ದಾರಿ ಮತ್ತು ಬೈಸಿಕಲ್ಲು

ಬೈಸಿಕಲ್ ಪಂದ್ಯವೆಂದೊಡನೆ ನಮ್ಮವರು 1903ರಲ್ಲಿ ಮೊದಲಾದ ಫ್ರಾನ್ಸಿನ ಮಹಾಪಂದ್ಯವನ್ನು ನೆನೆಯುವರು. ವಿಜಯಪುರ, ಬಾಗಲಕೋಟೆಗಳ ಹಳ್ಳಿಯ ತರುಣರು ರಾಷ್ಟ್ರಮಟ್ಟದಲ್ಲಿ ಗಳಿಸಿದ ಪದಕಗಳನ್ನು ಮರೆಯುವರು. ಸವಾರನು ಸಿದ್ಧನಾಗುವುದು ಪಂದ್ಯದ ದಿನದಲ್ಲಲ್ಲ, ದಿನದಿನದ ದಾರಿಯಲ್ಲಿ.

ರಾಜಾಜಿನಗರ, ವಿಜಯನಗರಗಳಿಂದ ಹೊರಟವನಿಗೆ ಕೆಂಗೇರಿಯೇ ಹೆಬ್ಬಾಗಿಲು. ಅದರಾಚೆ ಬಿಡದಿ, ರಾಮನಗರ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ: ರಜೆಯ ಸಂಚಾರಕ್ಕೆ ಇದಕ್ಕಿಂತ ಸೊಗಸಾದ ಮಾರ್ಗವುಂಟೆ? ಆದರೆ 2023ರ ಮಾರ್ಚಿಯಲ್ಲಿ ಉದ್ಘಾಟಿತವಾದ ಮೈಸೂರು ಹೆದ್ದಾರಿಯ ಮುಖ್ಯಪಥವು ಅದೇ ವರ್ಷದ ಆಗಸ್ಟ್ 1ರಿಂದ ಬೈಸಿಕಲ್ಲಿಗೆ ನಿಷಿದ್ಧವಾಯಿತು.

ಮೋಟಾರುಗಳ ವೇಗವನ್ನು ಕಂಡವರಾರೂ ಈ ನಿಷೇಧವನ್ನು ಅಯುಕ್ತವೆನ್ನರು, ನಾವೂ ಎನ್ನೆವು. ಆದರೆ ಒಂದು ದಾರಿಯನ್ನು ಮುಚ್ಚಿದವರು ಇನ್ನೊಂದನ್ನು ತೆರೆಯತಕ್ಕದ್ದು. ಪಕ್ಕದ ಸರ್ವೀಸ್ ರಸ್ತೆಯಲ್ಲಿ ಬಿಳಿಗೆರೆಯೆಳೆದು, ನಾಲ್ಕು ಮೊಳದ ಪಟ್ಟಿಯನ್ನು ಬೈಸಿಕಲ್ಲಿಗೆಂದೇ ಬಿಡಲಿ. ಇದು ಔದಾರ್ಯವಲ್ಲ, ನ್ಯಾಯ.