ತರಬೇತಿಯಿಂದ ಸಂಬಳದವರೆಗೆ: ಜಿಲ್ಲೆಯ ಕೌಶಲ ವ್ಯವಸ್ಥೆಯನ್ನು ಬಳಸಿಕೊಳ್ಳುವುದು ಹೇಗೆ?

ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ‘ಉಚಿತ ತರಬೇತಿ, ಊಟ–ವಸತಿ ಉಚಿತ, ಆಸಕ್ತರು ಸಂಪರ್ಕಿಸಿ’ ಎಂಬ ಚೀಟಿ ಇಲ್ಲದ ತಿಂಗಳು ಕಡಿಮೆ. ಯುವಜನರಿಗೆಂದು ಇರುವ ಯೋಜನೆಗಳಿಗೆ ಬರವಿಲ್ಲ. ಯಾವ ತರಬೇತಿ ಯಾರದು, ಅದರ ಹಣ ಎಲ್ಲಿಂದ ಬರುತ್ತದೆ, ಮುಗಿದ ಮೇಲೆ ಕೆಲಸ ಕೊಡಿಸುವ ಹೊಣೆ ಯಾರ ಮೇಲಿದೆ ಎಂಬುದೇ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಇದನ್ನು ವಿಚಾರಿಸದೆ ಸೇರಿದವರಿಗೆ ಕೊನೆಗೆ ಉಳಿಯುವುದು ಪ್ರಮಾಣಪತ್ರ ಮಾತ್ರ.

ಜಿಲ್ಲೆಯಲ್ಲಿ ಯಾರು ಏನು ಮಾಡುತ್ತಾರೆ?

ಕರ್ನಾಟಕದಲ್ಲಿ ಕೌಶಲಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ ಪ್ರತ್ಯೇಕವಾಗಿ ಹುಟ್ಟಿದ್ದು 2016ರಲ್ಲಿ. ಅದಕ್ಕೂ ಮೊದಲು ಐಟಿಐ, ಅಲ್ಪಾವಧಿ ತರಬೇತಿ, ಸ್ವಸಹಾಯ ಸಂಘಗಳ ಕೆಲಸ ಬೇರೆ ಬೇರೆ ಕಡೆ ಹಂಚಿಹೋಗಿದ್ದವು. ಈಗ ಜಿಲ್ಲೆಗೊಂದು ಕೌಶಲ ಸಮಿತಿಯಿದ್ದು, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಜಿಲ್ಲೆಯಲ್ಲಿ ಯಾವ ಉದ್ಯಮಗಳಿವೆ, ಅವುಗಳಿಗೆ ಎಂಥ ಕೆಲಸಗಾರರು ಬೇಕು ಎಂಬುದನ್ನು ಲೆಕ್ಕ ಹಾಕಿ ಜಿಲ್ಲಾ ಕೌಶಲ ಯೋಜನೆ ತಯಾರಿಸುವುದು ಈ ಸಮಿತಿಯ ಮುಖ್ಯ ಕೆಲಸ. ಅಭ್ಯರ್ಥಿಗಳ ನೋಂದಣಿಗೆ ರಾಜ್ಯದ್ದೇ ಆದ ‘ಕೌಶಲ್ಕರ್’ ಪೋರ್ಟಲ್ ಇದೆ.

ಪುರಸಭೆ, ನಗರಸಭೆಗಳಿಗೂ ಇದರಲ್ಲಿ ಪಾಲಿದೆ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ವಾಹನ ಚಾಲನೆ, ಕಂಪ್ಯೂಟರ್, ಹೊಲಿಗೆ ತರಬೇತಿಗಳಿಗೆ ಈ ಹಣ ಬಳಸಲು ಅವಕಾಶವಿದೆ. ಅರ್ಜಿ ಕರೆಯುವ ಪ್ರಕಟಣೆ ಕಚೇರಿಯ ಫಲಕದಲ್ಲೋ ಸ್ಥಳೀಯ ಪತ್ರಿಕೆಯ ಮೂಲೆಯಲ್ಲೋ ಬಂದು ಹೋಗುತ್ತದೆ. ಹಾಗಾಗಿ ವಾರ್ಡ್ ಸದಸ್ಯರನ್ನು ಆಗಾಗ ಕೇಳುತ್ತಿರುವುದು ಲೇಸು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಹಿಂದಿನ ಪಂಚಾಯಿತಿ ಗ್ರಂಥಾಲಯದಲ್ಲಿ, ಇಂಥ ಮಾಹಿತಿ ಕೇಳಬಹುದು.

ನಾಲ್ಕು ದಾರಿಗಳು

ಮೊದಲನೆಯದು ಐಟಿಐ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಒಂದು ಅಥವಾ ಎರಡು ವರ್ಷದ ಟ್ರೇಡ್‌ಗಳಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ₹4,600 ಕೋಟಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಲಾಗಿದ್ದು, 2022ರ ಜೂನ್‌ನಲ್ಲಿ ಅವು ಉದ್ಘಾಟನೆಗೊಂಡವು. ಫಿಟ್ಟರ್, ಎಲೆಕ್ಟ್ರಿಷಿಯನ್ ಜೊತೆಗೆ ಕೈಗಾರಿಕಾ ರೋಬೊಟಿಕ್ಸ್, ಸುಧಾರಿತ ಸಿಎನ್‌ಸಿ ಮೆಷಿನಿಂಗ್, ವಿದ್ಯುತ್ ವಾಹನ ಮೆಕ್ಯಾನಿಕ್‌ನಂಥ ಹೊಸ ಟ್ರೇಡ್‌ಗಳು ಅಲ್ಲಿ ಸೇರಿವೆ. ಸೇರುವ ಮುನ್ನ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಯಂತ್ರ ಇದ್ದರಷ್ಟೇ ಸಾಲದು, ಅದನ್ನು ನಡೆಸಿ ಕಲಿಸುವ ಬೋಧಕರು ಇದ್ದಾರೆಯೇ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ (ಜಿಟಿಟಿಸಿ) ಇದೇ ಸಾಲಿನದು. ಟೂಲ್ ಅಂಡ್ ಡೈ ಕೆಲಸ ಕಲಿಯಬೇಕೆನ್ನುವವರಿಗೆ ಅದರ ಡಿಪ್ಲೊಮಾ ಒಳ್ಳೆಯ ಆಯ್ಕೆ.

ಎರಡನೆಯದು ಅಲ್ಪಾವಧಿ ತರಬೇತಿ. ಗ್ರಾಮೀಣ ಬಡ ಕುಟುಂಬಗಳ 15ರಿಂದ 35 ವರ್ಷದವರಿಗೆ 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ, 2017ರಲ್ಲಿ ರಾಜ್ಯವೇ ಶುರುಮಾಡಿದ ಮುಖ್ಯಮಂತ್ರಿ ಕೌಶಲ ಕರ್ನಾಟಕ ಯೋಜನೆ ಮುಂತಾದವು ಈ ಬಗೆಯವು. ಇವುಗಳಲ್ಲಿ ಪಾಠ ಮಾಡುವುದು ಸಾಮಾನ್ಯವಾಗಿ ಸರ್ಕಾರವಲ್ಲ, ಸರ್ಕಾರದಿಂದ ಹಣ ಪಡೆಯುವ ತರಬೇತಿ ಸಂಸ್ಥೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಸ್ವಂತ ಉದ್ಯೋಗ ಮಾಡುವವರಿಗೆ, ಮತ್ತು ಇದರ ತವರು ನಮ್ಮ ಉಜಿರೆ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ ‘ರುಡ್‌ಸೆಟ್’ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ‘ಆರ್‌ಸೆಟಿ’ ಹೆಸರಿನಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಮೊಬೈಲ್ ರಿಪೇರಿ, ಹೈನುಗಾರಿಕೆ, ಬ್ಯೂಟಿ ಪಾರ್ಲರ್, ಮೋಟಾರ್ ರಿವೈಂಡಿಂಗ್ ಹೀಗೆ ಹತ್ತಾರು ಕಸುಬುಗಳನ್ನು ಊಟ–ವಸತಿಯೊಂದಿಗೆ ಉಚಿತವಾಗಿ ಕಲಿಸುತ್ತಾರೆ. ನಡೆಸುವುದು ಬ್ಯಾಂಕ್, ಮುಖ್ಯಸ್ಥರೂ ಬ್ಯಾಂಕ್ ಅಧಿಕಾರಿಯೇ.

ಇಲ್ಲಿನ ಕ್ರಮವೇ ಬೇರೆ. ಬೆಳಗಿನ ಮೊದಲ ತರಗತಿಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದೆಂದು ಹೇಳಬೇಕು. ಇದನ್ನು ಅಲ್ಲಿನವರು ‘ಮಿಲಿ’ ಎನ್ನುತ್ತಾರೆ. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿಯರೂ ಕೆಲವು ದಿನಗಳಲ್ಲಿ ಸಲೀಸಾಗಿ ಮಾತಾಡತೊಡಗುತ್ತಾರೆ. ಇನ್ನೊಂದು, ರಿಂಗ್ ಎಸೆಯುವ ಆಟ. ಗೂಟಕ್ಕೆ ರಿಂಗ್ ಹಾಕಬೇಕು, ಎಷ್ಟು ದೂರದಿಂದ ಎಸೆಯಬೇಕೆಂಬುದು ಎಸೆಯುವವರ ಇಷ್ಟ. ಹತ್ತಿರದಿಂದ ಹಾಕಿದರೆ ಅಂಕ ಕಡಿಮೆ, ದೂರ ಹೋದಷ್ಟೂ ಹೆಚ್ಚು. ಕೆಲವರು ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ, ಕೆಲವರು ಗೋಡೆಗೆ ಬೆನ್ನು ತಾಗಿಸಿ ಎಸೆದು ಒಂದನ್ನೂ ಹಾಕುವುದಿಲ್ಲ. ಮೊದಲ ಸುತ್ತು ನೋಡಿಕೊಂಡು ಎರಡನೇ ಸುತ್ತಿಗೆ ಜಾಗ ಬದಲಿಸುವವರು ಗೆಲ್ಲುತ್ತಾರೆ. ಸಾಲ ಎಷ್ಟು ತೆಗೆಯಬೇಕು, ಅಂಗಡಿ ಎಷ್ಟು ದೊಡ್ಡದಿರಬೇಕು ಎಂಬ ಚರ್ಚೆ ಶುರುವಾಗುವುದು ಈ ಆಟ ಮುಗಿದ ಮೇಲೆ. ತರಬೇತಿಯ ನಂತರ ಎರಡು ವರ್ಷ ಅಭ್ಯರ್ಥಿಯನ್ನು ವಿಚಾರಿಸಿಕೊಳ್ಳುವ, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡುವ ಹೊಣೆಯೂ ಸಂಸ್ಥೆಯದೇ.

ನಾಲ್ಕನೆಯದು ಅಪ್ರೆಂಟಿಸ್‌ಶಿಪ್. ಇದನ್ನು ಕಡೆಗಣಿಸುವವರೇ ಹೆಚ್ಚು. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮಗಳು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ ಕನಿಷ್ಠ ₹5,000ದಿಂದ ₹9,000ದವರೆಗೆ ಸ್ಟೈಪೆಂಡ್ ಗೊತ್ತುಮಾಡಿದವು. ಈಗಿನ ದರವನ್ನು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಅದೇ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಕೊಟ್ಟು, ಸಂಸ್ಥೆಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಬೇಕು. ಒಪ್ಪಂದ ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ನೀವು ಕಾನೂನಿನ ಪ್ರಕಾರ ಅಪ್ರೆಂಟಿಸ್ ಅಲ್ಲ, ಅಗ್ಗದ ಕೂಲಿ ಅಷ್ಟೇ. ಮಿತಿಯೂ ಗೊತ್ತಿರಲಿ: ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ಆದರೂ ಒಂದು ವರ್ಷದ ಶಾಪ್‌ಫ್ಲೋರ್ ಅನುಭವಕ್ಕೆ ಸಂದರ್ಶನದಲ್ಲಿ ಇರುವ ಬೆಲೆ ಮೂರು ತಿಂಗಳ ಪ್ರಮಾಣಪತ್ರಕ್ಕಿಲ್ಲ.

ಹಣ ಯಾವಾಗ ಬರುತ್ತದೆ?

ಅಲ್ಪಾವಧಿ ತರಬೇತಿಗಳ ಗುಣ ಅರ್ಥವಾಗಬೇಕಾದರೆ ಹಣ ಬರುವ ಕ್ರಮ ನೋಡಬೇಕು. ಕೇಂದ್ರ ಸರ್ಕಾರ 2015ರಲ್ಲಿ ಎಲ್ಲ ಕೌಶಲ ಯೋಜನೆಗಳಿಗೂ ಸಾಮಾನ್ಯ ಮಾನದಂಡ ಹೊರಡಿಸಿತು. ಅದರಂತೆ ತರಬೇತಿ ಸಂಸ್ಥೆಗೆ ಶೇ 30ರಷ್ಟು ಹಣ ಬ್ಯಾಚ್ ಶುರುವಾದಾಗ, ಶೇ 50ರಷ್ಟು ಅಭ್ಯರ್ಥಿಗಳು ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಾಗ, ಉಳಿದ ಶೇ 20ರಷ್ಟು ಕೆಲಸ ಸಿಕ್ಕಿದ್ದು ಸಾಬೀತಾದಾಗ. ಆಮೇಲೆ ಈ ಪ್ರಮಾಣಗಳು ಯೋಜನೆಯಿಂದ ಯೋಜನೆಗೆ ಬದಲಾಗಿವೆ, ಕಂತಿನ ಪದ್ಧತಿ ಮಾತ್ರ ಉಳಿದಿದೆ.

ಈ ಲೆಕ್ಕದಲ್ಲಿ ನೂರು ರೂಪಾಯಿಯಲ್ಲಿ ಎಂಬತ್ತು ರೂಪಾಯಿ ಕೆಲಸದ ಮಾತು ಬರುವ ಮೊದಲೇ ಕೈ ಸೇರುತ್ತದೆ. ಹೀಗಿರುವಾಗ ಬ್ಯಾಚ್ ತುಂಬಿಸುವುದಕ್ಕೆ ಮತ್ತು ಪ್ರಮಾಣಪತ್ರ ಹಂಚುವುದಕ್ಕೆ ಇರುವ ಉತ್ಸಾಹ ಕೆಲಸ ಹುಡುಕಿಕೊಡುವುದಕ್ಕೆ ಇರದಿದ್ದರೆ ಆಶ್ಚರ್ಯವಿಲ್ಲ. ಊರಿನಲ್ಲಿ ಬೇಡಿಕೆ ಯಾವುದಕ್ಕೇ ಇರಲಿ, ಕಂಪ್ಯೂಟರ್ ಮತ್ತು ಹೊಲಿಗೆಯ ಬ್ಯಾಚ್‌ಗಳೇ ಕಣ್ಣಿಗೆ ಬೀಳುವುದಕ್ಕೂ ಇದು ಒಂದು ಕಾರಣ. ಅವುಗಳಿಗೆ ಜಾಗ ಸಾಕು, ಯಂತ್ರ ಅಗ್ಗ, ಬೋಧಕರು ಸುಲಭವಾಗಿ ಸಿಗುತ್ತಾರೆ. ಗ್ರಾಮೀಣ ಕೌಶಲ ಯೋಜನೆಯಲ್ಲಿ ಕನಿಷ್ಠ ಶೇ 70ರಷ್ಟು ಮಂದಿಗೆ ಕೆಲಸ ಕೊಡಿಸಬೇಕೆಂಬ ಷರತ್ತಿದೆ. ಅಲ್ಲೂ ಕೆಲಸಕ್ಕೆ ಸೇರಿಸಿದ್ದನ್ನೇ ನೋಡದೆ ಆರು ತಿಂಗಳ ಮೇಲೂ ಉಳಿದವರೆಷ್ಟು ಎಂದು ಕೇಳಬೇಕು. ಹಳ್ಳಿಯಿಂದ ಬೆಂಗಳೂರಿಗೆ ಹೋದ ಹುಡುಗರು ಬಾಡಿಗೆ, ಊಟಕ್ಕೆ ಸಂಬಳ ಸಾಲದೆ ವಾಪಸ್ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ವಿನಿಮಯ ಕೇಂದ್ರ ಮತ್ತು ಮೇಳ

ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿದರೆ ಕರೆ ಬರುತ್ತದೆಂದು ಕಾಯುತ್ತಿದ್ದ ಕಾಲ ಹೋಯಿತು. 1959ರ ಕಾಯ್ದೆ 25ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ತಿಳಿಸಬೇಕೆಂದು ಹೇಳಿತ್ತು. ಆದರೆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಹೇಳಿರಲಿಲ್ಲ. ಅದರ ಬಲ ಅಲ್ಲಿಗೇ ನಿಂತಿತು. ಈಗ ಈ ಕೇಂದ್ರಗಳ ಉಪಯೋಗ ಬೇರೆ ಬಗೆಯದು: ವೃತ್ತಿ ಮಾರ್ಗದರ್ಶನ, 2015ರಲ್ಲಿ ಶುರುವಾದ ರಾಷ್ಟ್ರೀಯ ವೃತ್ತಿ ಸೇವೆ ಪೋರ್ಟಲ್‌ನ ನೋಂದಣಿ, ಉದ್ಯೋಗ ಮೇಳದ ಮಾಹಿತಿ.

ಮೇಳಕ್ಕೆ ಹೋಗುವವರು ಸಂಬಳದ ಲೆಕ್ಕ ತಿಳಿದಿರಬೇಕು. ಕರಪತ್ರದಲ್ಲಿ ‘ಸಿಟಿಸಿ ₹17,288’ ಎಂದಿದೆ ಎಂದುಕೊಳ್ಳಿ. ಅದರಲ್ಲಿ ಪಿಎಫ್‌ಗೆ ಮಾಲೀಕರ ಪಾಲು ₹1,800, ಇಎಸ್‌ಐಗೆ ಅವರ ಪಾಲು ₹488 ಸೇರಿರಬಹುದು. ಇವನ್ನು ಕಳೆದರೆ ₹15,000. ಇಷ್ಟೂ ಮೂಲ ವೇತನವೇ ಆದರೆ ನಿಮ್ಮ ಪಾಲಿನ ಪಿಎಫ್ ಶೇ 12, ಅಂದರೆ ₹1,800, ಮತ್ತು ಇಎಸ್‌ಐ ಶೇ 0.75, ಅಂದರೆ ₹113 ಕಡಿತವಾಗುತ್ತದೆ. ಕೈಗೆ ಬರುವುದು ₹13,087. ಪಿಎಫ್ ನಿಮ್ಮದೇ ಉಳಿತಾಯ, ಇಎಸ್‌ಐನಿಂದ ಚಿಕಿತ್ಸೆಯೂ ಸಿಗುತ್ತದೆ, ನಿಜ. ಆದರೆ ಪಿಜಿ ಬಾಡಿಗೆ ಕಟ್ಟುವುದು ಕೈಗೆ ಬಂದ ಹಣದಿಂದ. ‘ಕೈಗೆ ಎಷ್ಟು, ಯಾರ ಪೇರೋಲ್, ಕಂಪನಿಯದೋ ಏಜೆನ್ಸಿಯದೋ’ ಎಂದು ಕೇಳಲು ಸಂಕೋಚ ಬೇಡ.

ಯುವನಿಧಿ: ಆಸರೆ ಮಾತ್ರ

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500 ಕೊಡುತ್ತದೆ, ಗರಿಷ್ಠ ಎರಡು ವರ್ಷ. ತೇರ್ಗಡೆಯಾಗಿ 180 ದಿನವಾದರೂ ಕೆಲಸ ಸಿಕ್ಕಿರಬಾರದು, ಮುಂದಿನ ಓದಿಗೆ ಸೇರಿರಬಾರದು. ಅರ್ಜಿ ಸೇವಾ ಸಿಂಧು ಮೂಲಕ. ಅಂಕಪಟ್ಟಿಯನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ ತಾಳೆ ನೋಡುವುದರಿಂದ, ವಿಶ್ವವಿದ್ಯಾಲಯ ಅಲ್ಲಿ ಮಾಹಿತಿ ಏರಿಸದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಹಾಗಾದರೆ ಮೊದಲು ವಿಚಾರಿಸಬೇಕಾದ್ದು ಪರೀಕ್ಷಾ ವಿಭಾಗವನ್ನು. ಇನ್ನೂ ಕೆಲಸ ಸಿಕ್ಕಿಲ್ಲವೆಂಬ ಸ್ವಯಂ ಘೋಷಣೆಯನ್ನು ನಿಗದಿತ ಅವಧಿಗೊಮ್ಮೆ ಸಲ್ಲಿಸುತ್ತಿರಬೇಕು, ಮರೆತರೆ ಹಣ ನಿಲ್ಲುತ್ತದೆ. ಈ ಹಣ ಬಸ್ಸು, ಅರ್ಜಿ ಶುಲ್ಕಗಳಿಗೆ ಆಸರೆಯಾದೀತೇ ಹೊರತು ಕಲಿಕೆಗೆ ಬದಲಿಯಲ್ಲ.

ಸೇರುವ ಮುನ್ನ ಐದು ಪ್ರಶ್ನೆಗಳು

1. ಈ ತರಬೇತಿ ಯಾವ ಯೋಜನೆಯದು? ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು?
2. ಹಿಂದಿನ ಬ್ಯಾಚ್‌ನವರು ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅವರಲ್ಲಿ ಇಬ್ಬರೊಂದಿಗೆ ಮಾತನಾಡಬಹುದೇ?
3. ದಿನಕ್ಕೆ ಎಷ್ಟು ಹೊತ್ತು ಯಂತ್ರದ ಮುಂದೆ, ಎಷ್ಟು ಹೊತ್ತು ಬೆಂಚಿನ ಮೇಲೆ?
4. ಕೆಲಸ ಯಾವ ಊರಿನಲ್ಲಿ, ಕೈಗೆ ಬರುವ ಸಂಬಳ ಎಷ್ಟು?
5. ನಾನು ಏನಾದರೂ ಹಣ ಕಟ್ಟಬೇಕೆ? ಉಚಿತ ಯೋಜನೆಯಲ್ಲಿ ‘ನೋಂದಣಿ’, ‘ಠೇವಣಿ’ ಎಂದು ಕೇಳಿದರೆ ಅಲ್ಲಿಂದ ಹೊರಬಂದು ಜಿಲ್ಲಾ ಕೌಶಲಾಭಿವೃದ್ಧಿ ಅಧಿಕಾರಿಗೆ ಲಿಖಿತ ದೂರು ಕೊಡಿ.

ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಕೊಡದ ಕೇಂದ್ರಕ್ಕೆ ಸೇರದಿರುವುದೇ ವಾಸಿ.

ಕೊನೆಯದಾಗಿ, ಪಂಚಾಯಿತಿ, ಪುರಸಭೆ ಸದಸ್ಯರಿಗೆ ಒಂದು ಮಾತು. ಎಷ್ಟು ಮಂದಿಗೆ ತರಬೇತಿ ಕೊಟ್ಟೆವೆಂಬ ಅಂಕಿ ಎಲ್ಲ ಪ್ರಗತಿ ಪರಿಶೀಲನಾ ಸಭೆಗಳಲ್ಲೂ ಮಂಡನೆಯಾಗುತ್ತದೆ. ಯಾವ ಕೇಂದ್ರದಿಂದ ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ಆರು ತಿಂಗಳ ನಂತರ ಎಷ್ಟು ಮಂದಿ ಉಳಿದರು ಎಂಬ ಪಟ್ಟಿಯನ್ನೂ ಕೇಳಿ ಪಡೆದು ಕಚೇರಿಯ ಫಲಕದಲ್ಲಿ ಹಾಕಿಸಿ. ಹಾಕಿಸದಿದ್ದರೆ ಓದುಗರೇ ಕೇಳಬಹುದು: ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ.