ವ್ಯಾಂಕೆಲ್ ಎಂಜಿನ್‌ಗೆ ತಂಪು ಗಾಳಿಯ ದಾರಿ

2009ರ ಮಾರ್ಚ್‌ನಲ್ಲಿ ಕೋಲಾರದಿಂದ ‘ನಿಶಾಂತ್’ ಎಂಬ ಪೈಲಟ್‌ರಹಿತ ವಿಮಾನ ಮೇಲೇರಿತು. ಅದರ ಹಿಂಬದಿಯ ಪ್ರೊಪೆಲ್ಲರನ್ನು ತಿರುಗಿಸಿದ್ದು ದೇಶದಲ್ಲೇ ರೂಪುಗೊಂಡ ವ್ಯಾಂಕೆಲ್ ಎಂಜಿನ್. ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹಮದ್‌ನಗರದ ವಿಆರ್‌ಡಿಇ ಸಂಶೋಧನಾ ಸಂಸ್ಥೆಗಳು ಸೇರಿ ಸಿದ್ಧಪಡಿಸಿದ ಅದರ ತೂಕ ಸುಮಾರು 30 ಕಿಲೋ, ಸಾಮರ್ಥ್ಯ 55 ಅಶ್ವಶಕ್ತಿ.

ತೂಕಕ್ಕೆ ಹೋಲಿಸಿದರೆ ಇಷ್ಟೊಂದು ಬಲ! ವಿದೇಶಗಳಲ್ಲಿ ಸ್ವಂತ ವಿಮಾನ ಕಟ್ಟಿಕೊಳ್ಳುವ ಕೆಲವು ಹವ್ಯಾಸಿಗಳು ಮಾಜ್ದಾ ಕಾರಿನ 13ಬಿ ವ್ಯಾಂಕೆಲ್ ಎಂಜಿನ್ನಿಗೆ ಮನಸೋಲುವುದು ಇದಕ್ಕೇ. ಅವರ ಮೆಚ್ಚಿನ ವಿಮಾನಗಳಲ್ಲೊಂದಾದ ಲಾಂಗ್-ಈಝಿ ಬೆಂಗಳೂರಿಗೂ ಹೊಸದಲ್ಲ. ಬರ್ಟ್ ರುಟಾನ್ ಅವರ ಆ ವಿನ್ಯಾಸವನ್ನು ಆಧರಿಸಿಯೇ ಎನ್‌ಎಎಲ್ ಎಲ್‌ಸಿಆರ್‌ಎ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಇಂಥ ವಿಮಾನಗಳಲ್ಲಿ ಎಂಜಿನ್ ಇರುವುದು ಹಿಂಭಾಗದಲ್ಲಿ. ಅಲ್ಲಿಗೆ ಒಳ್ಳೆಯ ಗಾಳಿ ಒದಗಿಸುವುದೇ ದೊಡ್ಡ ಕೆಲಸ.

ವ್ಯಾಂಕೆಲ್‌ಗೆ ಪಿಸ್ಟನ್ನೂ ಇಲ್ಲ, ಕವಾಟವೂ ಇಲ್ಲ. ಮೂರು ಮೂಲೆಯ ರೋಟರ್ ತಿರುಗುತ್ತ ಗಾಳಿಯ ಕಿಂಡಿಯನ್ನು ತಾನೇ ತೆರೆದು ಮುಚ್ಚುತ್ತದೆ. ಕಿಂಡಿ ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ತಡೆದು ನಿಲ್ಲುತ್ತದೆ, ಒತ್ತಡದ ಅಲೆಯೊಂದು ಗಾಳಿ ತರುವ ಕೊಳವೆಯಲ್ಲಿ ಹಿಂದಕ್ಕೋಡುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಅರ್ಧ ಸುತ್ತಿಗೆ ಹಿಡಿಯುವುದು ಸೆಕೆಂಡಿನ 200ರಲ್ಲಿ ಒಂದು ಭಾಗ. ಅಷ್ಟರಲ್ಲಿ ಅಲೆ ಸುಮಾರು 1.7 ಮೀಟರ್ ಸಾಗಿರುತ್ತದೆ. ಕೊಳವೆಯ ಉದ್ದ ಸರಿಹೊಂದಿದರೆ ಆ ಅಲೆಯೇ ತೆರೆದ ಕಿಂಡಿಯೊಳಗೆ ಇನ್ನಷ್ಟು ಗಾಳಿಯನ್ನು ತುರುಕುತ್ತದೆ. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಾಜ್ದಾ 787ಬಿ ಕಾರು ಓಡುತ್ತಿರುವಾಗಲೇ ಅದರ ಕೊಳವೆಗಳು ಉದ್ದ ಬದಲಿಸುತ್ತಿದ್ದವು. ವಿಮಾನಕ್ಕೆ ಆ ಜಟಿಲತೆ ಬೇಕಿಲ್ಲ. ಅದರ ಎಂಜಿನ್ ಬಹುಪಾಲು ಹೊತ್ತು ಒಂದೇ ವೇಗದಲ್ಲಿ ತಿರುಗುವುದರಿಂದ ಆ ವೇಗಕ್ಕೆ ತಕ್ಕ ಉದ್ದ ಸಾಕು.

ಹಾಗಾದರೆ ಮೊದಲು ಗಮನ ಕೊಡಬೇಕಾದದ್ದು ಯಾವುದಕ್ಕೆ? ಎದುರುಗಾಳಿಗೆ ಬಾಯ್ತೆರೆದ ಕೊಳವೆಯಿಟ್ಟರೆ ವೇಗವೇ ಗಾಳಿಯನ್ನು ಒಳದೂಡುತ್ತದೆಂಬ ಆಸೆ ಸಹಜ. ಆದರೆ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಹೀಗೆ ಸಿಗುವ ಹೆಚ್ಚುವರಿ ಒತ್ತಡ ಸುಮಾರು ಶೇ. 1, 250ರಲ್ಲಿ ಶೇ. 3. ಅದೇ ಎಂಜಿನ್, ಹೊರಗಿನ 30 ಡಿಗ್ರಿಯ ಗಾಳಿಯ ಬದಲು ಹೊದಿಕೆಯೊಳಗೆ ಕಾದ 60 ಡಿಗ್ರಿಯ ಗಾಳಿ ಎಳೆದುಕೊಂಡರೆ ಪ್ರತಿ ಲೀಟರಿನಲ್ಲಿ ಶೇ. 9ರಷ್ಟು ಆಮ್ಲಜನಕ ನಷ್ಟ. ಇದು ಸಣ್ಣ ನಷ್ಟವಲ್ಲ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಘಟ್ಟದ ಕೆಳಗಿನ ಕುಮಟೆಗಿಂತ ಅಲ್ಲಿನ ಗಾಳಿ ತೆಳುವಾಗಿರುವುದು ಶೇ. 5ರಿಂದ 6ರಷ್ಟು ಮಾತ್ರ. ಎಂಜಿನ್ ಹೊದಿಕೆಯೊಳಗಿನ ಬಿಸಿ ಇಡೀ ಘಟ್ಟ ಹತ್ತಿಸಿದ್ದಕ್ಕಿಂತ ಹೆಚ್ಚು ಬಲ ಕಸಿಯುತ್ತದೆ.

ನಾರ್ಟನ್ ಕಂಪನಿಯ ವ್ಯಾಂಕೆಲ್ ಮೋಟರ್‌ಸೈಕಲ್ಲಿನಲ್ಲೂ ಇದೇ ತೊಡಕಿತ್ತು. ರೋಟರ್ ತಣಿಸಿದ ಗಾಳಿಯನ್ನೇ ಉರಿಯಲು ಬಿಡುತ್ತಿದ್ದುದರಿಂದ ಅದು ಕಾದೇ ಬರುತ್ತಿತ್ತು. ಟೊಳ್ಳಾದ ಉಕ್ಕಿನ ಚೌಕಟ್ಟಿನೊಳಗೆ ಹಾಯಿಸಿ ತುಸು ಆರಿಸಬೇಕಾಯಿತು.

ಆದ್ದರಿಂದ ಗಾಳಿಯ ದಾರಿ ಹೊರಗಿನಿಂದ ನೇರವಾಗಿ ಬರಬೇಕು; ಸೈಲೆನ್ಸರ್, ರೇಡಿಯೇಟರ್‌ಗಳಿಂದ ದೂರವಿದ್ದು ಶಾಖನಿರೋಧಕ ಸುತ್ತಿರಬೇಕು. ಕೊಳವೆಯ ಬಾಯಿ ದುಂಡಗಿರಲಿ, ತಿರುವುಗಳು ಕಡಿಮೆ ಇರಲಿ. ಧೂಳು ರೋಟರ್ ಮೂಲೆಯ ಸೀಲುಗಳನ್ನು ಸವೆಸುವುದರಿಂದ ಫಿಲ್ಟರ್ ತೆಗೆಯುವ ಮಾತೇ ಬೇಡ, ಅದರ ಅಗಲ ಹೆಚ್ಚಿಸಬೇಕು.

ಕಾರ್ಬ್ಯುರೇಟರ್ ಇದ್ದರೆ ಇನ್ನೊಂದು ಎಚ್ಚರ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಮಲೆನಾಡಿನ ಮಳೆಗಾಲದಂಥ ತೇವದ ಗಾಳಿಯಲ್ಲಿ, ಹೊರಗೆ 20 ಡಿಗ್ರಿ ಇದ್ದರೂ, ಅಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಲ್ಲಬಹುದು. ಹಾಗಾಗಿ ಬೇಕೆಂದಾಗ ಬಿಸಿ ಗಾಳಿ ಬಿಡುವ ಬಾಗಿಲೊಂದು, ಅದರ ಹಿಡಿಕೆ ಪೈಲಟ್‌ನ ಕೈಗೆ ಎಟಕುವಲ್ಲೇ ಇರಬೇಕು.