ಬಿಸಿಲಿಗೆ ಮೊಲದ ಸಾಕ್ಷಿ

ಏಪ್ರಿಲ್ ಬಂತೆಂದರೆ ಗದಗ-ಬೆಟಗೇರಿಯಲ್ಲಿ ಮಧ್ಯಾಹ್ನದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುತ್ತದೆ. ಮುಂಡರಗಿ, ಶಿರಹಟ್ಟಿ ಕಡೆಯ ಕುರಿಗಾರರು ಹಿಂಡನ್ನು ಬೇವಿನ ಗಿಡದ ನೆರಳಿಗೆ ಹೊಡೆಯುತ್ತಾರೆ. ಲಕ್ಷ್ಮೇಶ್ವರದ ಹೊಲದಲ್ಲಿ ಬೇಸಿಗೆ ಬೆಳೆಯಾಗಿ ನಿಂತ ಶೇಂಗಾ, ಸೂರ್ಯಕಾಂತಿಗೆ ಆ ಅನುಕೂಲವಿಲ್ಲ. ನೀರಿದ್ದಷ್ಟು ಹೊತ್ತು ಎಲೆ ಬೆವರಿ ತಣ್ಣಗಾಗುತ್ತದೆ. ಎರಿ ನೆಲ ಬಿರುಕು ಬಿಟ್ಟ ಮೇಲೆ ಅದೂ ನಿಲ್ಲುತ್ತದೆ. ಆಗ ಜೀವಕೋಶದೊಳಗೆ ಹೀಟ್ ಶಾಕ್ ಪ್ರೋಟೀನುಗಳು ಕೆಲಸಕ್ಕಿಳಿಯುತ್ತವೆ.

ಮೊಟ್ಟೆ ಕುದಿಸಿದಾಗ ಬಿಳಿಲೋಳೆ ಗಟ್ಟಿಯಾಗುವುದು ಪ್ರೋಟೀನುಗಳ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ. ಬಿಸಿಲಿಗೆ ಸಿಕ್ಕ ಕೋಶದಲ್ಲೂ ಅದೇ ಅಪಾಯ. ಹೀಟ್ ಶಾಕ್ ಪ್ರೋಟೀನುಗಳು ಮಡಿಕೆ ಬಿಚ್ಚಿದವನ್ನು ಹಿಡಿದು, ಅಂಟದಂತೆ ತಡೆದು, ಮತ್ತೆ ಮಡಚಿಕೊಳ್ಳಲು ನೆರವಾಗುತ್ತವೆ. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90, ಎಚ್‌ಎಸ್‌ಪಿ101 ಎಂಬ ಇವುಗಳ ಚುಟುಕು ಹೆಸರುಗಳಲ್ಲಿರುವ ಅಂಕಿ ಕಿಲೋಡಾಲ್ಟನ್ ಲೆಕ್ಕದ ಸುಮಾರು ತೂಕ. ಇವುಗಳ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಇಟಲಿಯ ವಿಜ್ಞಾನಿ ಫೆರುಚ್ಚಿಯೋ ರಿಟೋಸಾ ಹಣ್ಣುನೊಣದ ಕೋಶಗಳನ್ನಿಟ್ಟ ಪೆಟ್ಟಿಗೆಯ ಉಷ್ಣತೆಯನ್ನು ಯಾರೋ ಏರಿಸಿಬಿಟ್ಟಿದ್ದರು. ನೋಡಿದರೆ ಕ್ರೋಮೋಸೋಮುಗಳು ಹೊಸ ಜಾಗಗಳಲ್ಲಿ ಉಬ್ಬಿದ್ದವು. ಆತ ಇದನ್ನು ಪ್ರಕಟಿಸಿದ್ದು 1962ರಲ್ಲಿ. ಆ ಉಬ್ಬುಗಳ ಹಿಂದಿನ ಪ್ರೋಟೀನುಗಳು ಕಣ್ಣಿಗೆ ಬೀಳಲು 1974ರವರೆಗೆ ಕಾಯಬೇಕಾಯಿತು.

ಗಿಡದಲ್ಲಿ ಇವು ಎಷ್ಟಿವೆ ಎಂದು ಅಳೆಯುವುದು ಹೇಗೆ? ಒಂದು ಎಲೆಯನ್ನು ಅರೆದರೆ ಸಾವಿರಾರು ಬಗೆಯ ಪ್ರೋಟೀನುಗಳ ರಸ ಸಿಗುತ್ತದೆ. ಅದರಲ್ಲಿ ನಮಗೆ ಬೇಕಾದ ಒಂದನ್ನೇ ಗುರುತಿಸಬೇಕು. ಇಲ್ಲಿ ಬೇಕಾಗುವುದು ತನ್ನ ಗುರಿಯನ್ನಷ್ಟೇ ಹುಡುಕಿ ಅಂಟುವ ಪ್ರತಿಕಾಯ (ಆಂಟಿಬಾಡಿ). ಔಷಧಿ ಅಂಗಡಿಯ ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿಸುವುದೂ ಪ್ರತಿಕಾಯವೇ. ಹಾವು ಕಚ್ಚಿದವರಿಗೆ ಕೊಡುವ ಚುಚ್ಚುಮದ್ದಿನಲ್ಲಿರುವುದೂ ಕುದುರೆಯ ರಕ್ತದ ಪ್ರತಿಕಾಯಗಳೇ. ಪ್ರಯೋಗಾಲಯಗಳು ಹೆಚ್ಚಾಗಿ ಮೊಲ ಮತ್ತು ಇಲಿಗಳನ್ನು ನೆಚ್ಚಿಕೊಂಡಿವೆ. ಹೊರಗಿನ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಕೆಲವು ವಾರಗಳಲ್ಲಿ ಅದರ ರಕ್ತದಲ್ಲಿ ಆ ಪ್ರೋಟೀನಿಗೇ ಅಂಟುವ ಪ್ರತಿಕಾಯ ತಯಾರಾಗುತ್ತದೆ.

ಆದರೆ ಹೀಟ್ ಶಾಕ್ ಪ್ರೋಟೀನಿನ ಮಟ್ಟಿಗೆ ಇದು ಅಷ್ಟು ಸುಲಭವಲ್ಲ. ಜೀವವಿಕಾಸ ಇವನ್ನು ಹೆಚ್ಚು ತಿದ್ದಲೇ ಇಲ್ಲ. ಬ್ಯಾಕ್ಟೀರಿಯಾದ ಮತ್ತು ಮನುಷ್ಯನ ಎಚ್‌ಎಸ್‌ಪಿ70ಗಳನ್ನು ಪಕ್ಕಪಕ್ಕ ಇಟ್ಟರೆ ಅಮೈನೋ ಆಮ್ಲಗಳು ಸುಮಾರು ಅರ್ಧದಷ್ಟು ಒಂದೇ. ಮೊಲದ ಮೈಯಲ್ಲೂ ಅದೇ ಬಳಗದ ಪ್ರೋಟೀನಿದೆ. ತನ್ನದರಂತೆಯೇ ಕಾಣುವುದರ ಮೇಲೆ ಮೊಲದ ರಕ್ಷಣಾ ವ್ಯವಸ್ಥೆ ಸುಲಭಕ್ಕೆ ತಿರುಗಿ ಬೀಳುವುದಿಲ್ಲ. ಹಾಗಾಗಿ ತಯಾರಕರು ಇಡೀ ಪ್ರೋಟೀನನ್ನು ಬಿಟ್ಟು, ಅದರ ಬಾಲದ ಕಡೆ ಭಿನ್ನವಾಗಿರುವ ಚಿಕ್ಕ ತುಣುಕನ್ನು ಕೃತಕವಾಗಿ ಕಟ್ಟಿ ಚುಚ್ಚುವುದುಂಟು. ಅಷ್ಟು ಸಣ್ಣ ತುಣುಕನ್ನು ಮೊಲ ಗಮನಿಸದೆ ಹೋದೀತೆಂದು ಸಮುದ್ರದ ಮೃದ್ವಂಗಿಯೊಂದರ ರಕ್ತದ ದೊಡ್ಡ ಪ್ರೋಟೀನಿಗೆ ಅದನ್ನು ಜೋಡಿಸುತ್ತಾರೆ. ಸೂರ್ಯಕಾಂತಿಯ ಸಂಕಟ ಅಳೆಯಲು ಮೊಲವೂ ಸಾಲದೆ ಕಡಲಜೀವಿಯೂ ಬೇಕಾಯಿತು!

ಈ ಹೋಲಿಕೆಯಿಂದ ಲಾಭವೂ ಇದೆ. ಬ್ಯಾಡಗಿ ಮೆಣಸಿನಕಾಯಿಗೆಂದೇ ಯಾರು ಪ್ರತಿಕಾಯ ಮಾಡಿ ಮಾರುತ್ತಾರೆ? ಎಲ್ಲ ಜೀವಿಗಳಲ್ಲೂ ಸಮಾನವಾದ ಭಾಗಕ್ಕೆ ಅಂಟುವ ಪ್ರತಿಕಾಯವಾದರೆ, ಬೇರೆ ಗಿಡಕ್ಕೆಂದು ಮಾಡಿದ್ದೂ ಇಲ್ಲಿ ಕೆಲಸಕ್ಕೆ ಬರುವ ಸಾಧ್ಯತೆ ಹೆಚ್ಚು.

ಮೋಸ ಹೋಗುವುದೂ ಇಲ್ಲೇ. ಎಚ್‌ಎಸ್‌ಪಿ70ಕ್ಕೆ ಒಬ್ಬ ಅವಳಿಯಿದ್ದಾನೆ: ತಂಪಿನಲ್ಲೂ ಬಿಸಿಯಲ್ಲೂ ಕೋಶದಲ್ಲಿ ಸದಾ ಇರುವ ಎಚ್‌ಎಸ್‌ಸಿ70. ಇಬ್ಬರಿಗೂ ಅಂಟುವ ಪ್ರತಿಕಾಯ ಬಳಸಿದರೆ ನೆರಳಿನ ಗಿಡದ ಮಾದರಿಯಲ್ಲೂ ಪ್ರತಿಕಾಯ ಅಂಟಿದ ಗುರುತಾಗಿ ದಪ್ಪ ಪಟ್ಟೆ ಮೂಡುತ್ತದೆ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ವಿಧಾನ ಕೊಟ್ಟ ಮೇಲೆ, ಮನುಷ್ಯಕೋಶದಲ್ಲಿ ಬಿಸಿಗೆ ಹುಟ್ಟುವ ರೂಪವನ್ನಷ್ಟೇ ಹಿಡಿಯುವ ಪ್ರತಿಕಾಯಗಳು ಬಂದವು. ಗಿಡದ ವಿಷಯದಲ್ಲಿ ಎಚ್‌ಎಸ್‌ಪಿ101 ಹೆಚ್ಚು ಸ್ಪಷ್ಟ ಗುರುತು. ತಂಪಿನಲ್ಲಿ ಬೆಳೆದ ಎಲೆಯಲ್ಲಿ ಅದು ಕಾಣುವುದೇ ಅಪರೂಪ. ಏನೇ ಇರಲಿ, ತಂಪು ಗಿಡದ ಮಾದರಿಯನ್ನು ಪಕ್ಕದಲ್ಲಿಡದೆ ತೋರಿಸುವ ಪಟ್ಟೆಯ ಚಿತ್ರವನ್ನು ನಾನಂತೂ ನಂಬುವುದಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಬೆಳೆ ಶರೀರಕ್ರಿಯಾ ವಿಭಾಗದಲ್ಲಿ ಎಂ. ಉದಯಕುಮಾರ್ ಮತ್ತು ಸಂಗಡಿಗರು ಬಿಸಿ ತಾಳಿಕೆಯನ್ನು ಇನ್ನೊಂದು ತುದಿಯಿಂದ ಹಿಡಿದರು. ದಿಢೀರ್ ಬಿಸಿಗೆ ಸಾಯುವ ಮೊಳಕೆ, ಮೊದಲು ಮೆಲ್ಲಗೆ ಏರುವ ಬಿಸಿಗೆ ಒಡ್ಡಿಕೊಂಡಿದ್ದರೆ ಅದೇ ಹೊಡೆತವನ್ನು ತಾಳಬಲ್ಲದು. ನಡುವೆ ಸಿಕ್ಕ ಹೊತ್ತಿನಲ್ಲಿ ಹೀಟ್ ಶಾಕ್ ಪ್ರೋಟೀನು ತಯಾರಾಗಿರುತ್ತದೆ. ಕೆಬಿಎಸ್‌ಎಚ್-1 ಎಂಬ ಸೂರ್ಯಕಾಂತಿ ಹೈಬ್ರಿಡ್‌ನ ತಂದೆ-ತಾಯಿ ತಳಿಗಳ ಮೊಳಕೆಗಳನ್ನು ಹೀಗೆ ಹದಗೊಳಿಸಿ, ಆಮೇಲೆ ಮಾರಕ ಬಿಸಿಗೆ ಒಡ್ಡಿ, ಉಳಿದವನ್ನೇ ಬೆಳೆಸಿ ಮತ್ತೆ ಸಂಕರ ಮಾಡಿದರು. ಹೊಸ ಹೈಬ್ರಿಡ್ ಮೂಲದ್ದಕ್ಕಿಂತ ಹೆಚ್ಚು ಬಿಸಿ ತಾಳಿತೆಂದು 2003ರಲ್ಲಿ ವರದಿಯಾಯಿತು.

ಅಲ್ಲಿ ಆಯ್ಕೆ ನಡೆದದ್ದು ಮೊಳಕೆಯ ಸಾವು-ಬದುಕಿನ ಮೇಲೆ. ಪ್ರತಿಕಾಯದ ಪಾಳಿ ಬರುವುದು ನಂತರ, ಬದುಕಿದ್ದು ಯಾಕೆ ಬದುಕಿತು ಎಂದು ಕೇಳುವಾಗ. ಪಟ್ಟೆ ಎಷ್ಟು ಪ್ರೋಟೀನಿದೆ ಎಂದು ಹೇಳುತ್ತದೆ, ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನಲ್ಲ. ಅದಕ್ಕೆ ಗಿಡವನ್ನೇ ಮತ್ತೆ ಬಿಸಿಗಿಟ್ಟು ನೋಡಬೇಕು.